ಟೊಮೆಟೊ ಸಸಿಗೆ ಟ್ರೇನಾ, ಮಡಿನಾ, ನರ್ಸರಿನಾ?

ನನ್ನ ಮತ ಟ್ರೇಗೆ. ಚಿತ್ರದುರ್ಗದ ಹೊರಗೆ ಮನೆ ಹಿಂದೆ ಒಂದಿಷ್ಟು ಜಾಗ ಇದೆ. ಅಲ್ಲಿಗೆ ಬೇಕಾದ ಟೊಮೆಟೊ ಸಸಿಯನ್ನು ನೆಲದ ಮಡಿಯಲ್ಲಿ ಬೆಳೆಸಿದ್ದೇನೆ, ನರ್ಸರಿಯಿಂದ ತಂದಿದ್ದೇನೆ, 98 ಗುಳಿಯ ಪ್ರೊಟ್ರೇಯಲ್ಲೂ (ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆ) ಮಾಡಿದ್ದೇನೆ. ಟ್ರೇ ಕೊಂಡ ಮೇಲೆ ಬೇರೆ ಎರಡರ ಕಡೆ ಮನಸ್ಸು ಹೋಗಿಲ್ಲ.

ಮುಖ್ಯ ಕಾರಣ ಬೇರು. ಮಡಿಯಿಂದ ಸಸಿ ಕೀಳುವಾಗ ಎಳೆ ಬೇರೆಲ್ಲ ಹರಿದು ಮಣ್ಣಲ್ಲೇ ಉಳಿಯುತ್ತದೆ. ನಮ್ಮೂರ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಸಾಲಿನ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಬೇರು ಹರಿದ ಸಸಿ ಆ ಗಾಳಿಗೆ ಮಧ್ಯಾಹ್ನದೊಳಗೆ ತಲೆ ಬಾಗಿಸುತ್ತದೆ. ಟ್ರೇ ಸಸಿ ಕೋಕೋಪೀಟಿನ, ಅಂದರೆ ಗುಳಿಗೆ ತುಂಬುವ ತೆಂಗಿನ ನಾರಿನ ಪುಡಿಯ, ಉಂಡೆ ಸಮೇತ ಎದ್ದು ಬರುತ್ತದೆ. ನಾಟಿ ಮಾಡಿದ ಮರುದಿನವೂ ನೆಟ್ಟಗೆ ನಿಂತಿರುತ್ತದೆ.

ಎರಡನೆಯದು ಬೀಜದ ಬೆಲೆ. ನಾನು ಹಾಕುವುದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕ ರಕ್ಷಕ್. ಎಲೆ ಮುದುರು ರೋಗ, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ಅಂಥ ಬೀಜವನ್ನು ಮಡಿಯಲ್ಲಿ ಉದುರಿಸಿ, ಒತ್ತಾಗಿ ಬಂದದ್ದನ್ನು ಕಿತ್ತು ಎಸೆಯಲು ಮನಸ್ಸು ಬರಲ್ಲ. ಟ್ರೇಯಲ್ಲಿ ಗುಳಿಗೊಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ ಸಾಕು.

ನರ್ಸರಿ ಸಸಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನಗೆ ಸಿಕ್ಕಿದ್ದು ನೆರಳಲ್ಲಿ ಉದ್ದಕ್ಕೆ ಎಳೆದುಕೊಂಡ, ಬಡಕಲು ಕಾಂಡದ ಸಸಿ. ತಳಿಯೂ ಅವರಲ್ಲಿ ಏನಿತ್ತೋ ಅದೇ.

ಟ್ರೇಯಲ್ಲಿ ನಿಜವಾಗಿ ತಲೆ ತಿನ್ನುವುದು ನೀರು. ಕೋಕೋಪೀಟಿನ ಮೇಲ್ಪದರ ಬಿಸಿಲಿಗೆ ಬೇಗ ಒಣಗಿ ತಿಳಿ ಕಂದು ಬಣ್ಣಕ್ಕೆ ಬರುತ್ತದೆ. ಒಳಗೆ ಮಾತ್ರ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ. ಬಣ್ಣ ನೋಡಿ ನೀರು ಹಾಕುತ್ತಾ ಹೋದರೆ ಬುಡ ಆರುವುದೇ ಇಲ್ಲ. ಆಗ ಪೈಥಿಯಂನಂಥ ರೋಗಾಣು ಹಿಡಿಯುತ್ತದೆ. ಕಾಂಡ ಬುಡದಲ್ಲಿ ಮೆತ್ತಗಾಗಿ, ದಾರದಷ್ಟು ಸಣ್ಣಗಾಗಿ, ಹಸಿರು ಎಲೆ ಇರುವಾಗಲೇ ಸಸಿ ಮಲಗಿಬಿಡುತ್ತದೆ. ಒಂದು ಗುಳಿಯಲ್ಲಿ ಶುರುವಾದರೆ ಅಕ್ಕಪಕ್ಕದ್ದೂ ಹೋಗುತ್ತದೆ.

ಅದೇ ಟ್ರೇಯ ಅಂಚಿನ ಗುಳಿಗಳದ್ದು ಉಲ್ಟಾ ಕಥೆ. ಗಾಳಿ ಬಡಿದು ಅವು ಪೂರ್ತಿ ಒಣಗುತ್ತವೆ. ಪೂರ್ತಿ ಒಣಗಿದ ಕೋಕೋಪೀಟ್ ನೀರನ್ನು ಬೇಗ ಹೀರುವುದಿಲ್ಲ, ಮೇಲೆ ಹಾಕಿದ್ದು ಪಕ್ಕಕ್ಕೆ ಜಾರಿ ಹೋಗುತ್ತದೆ. ನಡುವಿನ ಸಸಿ ನೀರು ಜಾಸ್ತಿಯಾಗಿ ಸಾಯುತ್ತದೆ, ಅಂಚಿನದ್ದು ನೀರಿಲ್ಲದೆ.

ಈಗ ನಾನು ಬಣ್ಣ ನೋಡುವುದೇ ಇಲ್ಲ, ಟ್ರೇಯನ್ನು ಎತ್ತಿ ನೋಡುತ್ತೇನೆ. ಭಾರ ಇದ್ದರೆ ಆ ದಿನ ನೀರಿಲ್ಲ. ಹಗುರಾಗಿದ್ದರೆ ಅಗಲ ಬೋಗುಣಿಯಲ್ಲಿ ಒಂದಿಂಚು ನೀರು ಹಾಕಿ ಟ್ರೇ ಇಟ್ಟರೆ ಕೆಳಗಿನ ತೂತಿನಿಂದ ತಾನೇ ಹೀರಿಕೊಳ್ಳುತ್ತದೆ. ಮೇಲೆ ತೇವ ಕಂಡ ಕೂಡಲೇ ಎತ್ತಿಡಬೇಕು. ಗಾಳಿ ಬರುವ ಕಡೆಗೆ ದಿನಾ ಒಂದೊಂದು ಬದಿ ತಿರುಗಿಸಿಡುತ್ತೇನೆ. ಕೋಕೋಪೀಟಿಗೆ ಟ್ರೈಕೋಡರ್ಮಾ (ರೋಗಾಣು ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಎರೆಹುಳು ಗೊಬ್ಬರವನ್ನೂ ಸೇರಿಸುತ್ತೇನೆ.

ಇದಕ್ಕೆಲ್ಲ ಬೆಳಿಗ್ಗೆ ಹೊತ್ತು ಬೇಕು. ನಾನು ಬೇಗ ಏಳುವವನು, ಕೆಲಸಕ್ಕೆ ಹೊರಡುವ ಮುಂಚೆ ಟ್ರೇ ಮುಂದೆ ಕೂರುವುದು ನನಗೆ ಖುಷಿ. ಹೊತ್ತಿಲ್ಲದವರಿಗೆ ಮಡಿಯೇ ಸಲೀಸು, ಮಣ್ಣು ತೇವವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಪಿಕೆಎಂ-1 ಥರ ಮನೆಯಲ್ಲೇ ಬೀಜ ಎತ್ತಿಟ್ಟುಕೊಳ್ಳುವ ತಳಿಯಾದರೆ ನಾನೂ ಮಡಿ ಬೇಡ ಅನ್ನಲ್ಲ. ಆದರೆ ಏರುಮಡಿಯೇ ಆಗಬೇಕು. ಎರೆ ಮಣ್ಣಿದ್ದರೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿಕೊಳ್ಳಬೇಕು.

ಟ್ರೇ ತೊಳೆದು ಮತ್ತೆ ಬಳಸಬಹುದು, ಹಾಗಾಗಿ ಖರ್ಚು ಒಂದೇ ಸಲ. ತೆಳು ಪ್ಲಾಸ್ಟಿಕ್ಕಿನದ್ದು ಮಾತ್ರ ತಗೋಬೇಡಿ, ಬಿಸಿಲಿಗೆ ಸೀಳುತ್ತದೆ. ಕೈಯಲ್ಲಿ ಇನ್ನೂ ದುಡ್ಡಿದ್ದರೆ ಹೆಚ್ಚಿನ ಟ್ರೇ ಬದಲು 40 ಮೆಶ್‌ನ (ಇಂಚಿಗೆ 40 ಕಣ್ಣಿನ) ನೈಲಾನ್ ಬಲೆ ತಗೊಳ್ಳಿ. ಎಲೆ ಮುದುರು ರೋಗ ಹೊತ್ತು ತರುವ ಬಿಳಿ ನೊಣ ಸಸಿ ಮೇಲೆ ಕೂರದ ಹಾಗೆ ತಡೆಯುವುದು ಅದೇ.