ಮೀರಜಿನಲ್ಲಿ ಅಜ್ಜನ ತಂಬೂರಿ ರಿಪೇರಿ

ನಮ್ಮ ಜತ್ತದ ಮನೆಯ ಅಟ್ಟದಲ್ಲಿ ಅಜ್ಜನ ತಂಬೂರಿ ಎಷ್ಟೋ ವರ್ಷದಿಂದ ಬಿದ್ದಿತ್ತು. ದಂಡಿ (ಉದ್ದನೆಯ ಕತ್ತು) ಬಾಗಿತ್ತು, ಬುಡದ ಸೋರೆ ಬುರುಡೆಯಲ್ಲಿ ಗೇಣುದ್ದ ಬಿರುಕು. ಮೊದಲು ಊರಲ್ಲೇ ಒಬ್ಬರಿಗೆ ಕೊಟ್ಟೆ, ಅವರು ಸುಮ್ನೆ ಫೆವಿಕಾಲ್ ಬಳಿದು ಮೇಲೆ ಪೇಂಟ್ ಹೊಡೆದು ವಾಪಸ್ ಕೊಟ್ರು. ಒಂದೇ ತಿಂಗಳಿಗೆ ಮತ್ತೆ ಬಾಯಿ ಬಿಡ್ತು.

ಕೊನೆಗೆ ಮಹಾರಾಷ್ಟ್ರದ ಮೀರಜಿಗೆ ಹೋದೆ. ಅಲ್ಲಿನ ಸಿತಾರ್, ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ವಸ್ತು ಅನ್ನೋ ಭೌಗೋಳಿಕ ಗುರುತು) ಸಿಕ್ಕಿದ್ದು ಗೊತ್ತಲ್ವಾ? ಗಲ್ಲಿಯ ಒಂದು ಸಣ್ಣ ಅಂಗಡಿ, ಕೂರೋಕೂ ಜಾಗ ಇಲ್ಲ, ಮಾಡಿನಿಂದ ಒಣಗಿದ ಬುರುಡೆಗಳು ನೇತಾಡುತ್ತವೆ. ರಿಪೇರಿ ಮಾಡೋ ಚಾಚಾ ನೋಡಿದವರೇ ಬೈದರು: "ತಾರು ಬಿಗದಿಟ್ಟು ಅಟ್ಟಕ್ಕ ಒಗದ್ರ ದಂಡಿ ಬಾಗದ ಇನ್ನೇನ್ ಮಾಡ್ತದ್ರಿ?"

ತಾರು ಬಿಚ್ಚಿ, ಹಳೇ ಪೇಂಟ್ ಕೆರೆದು, ದಂಡಿಗೆ ಬಿಸಿ ಕೊಟ್ಟು ನೇರ ಹಲಗೆಗೆ ಬಿಗಿದು ಹದಿನೈದು ದಿನ ಹಾಗೇ ಬಿಟ್ಟರು. ಬಿರುಕಿಗೆ ಒಳಗಿನಿಂದ ಬಟ್ಟೆ ಅಂಟಿಸಿ, ಹೊರಗೆ ಮರದ ಪುಡಿ ತುಂಬಿ ಉಜ್ಜಿದ್ದಾರೆ, ಬೆರಳು ಆಡಿಸಿದರೂ ತಿಳಿಯಲ್ಲ. ಜವಾರಿ, ಅಂದ್ರೆ ತಾರಿಗೆ ಝೇಂಕಾರ ಬರೋ ಹಾಗೆ ಹದ ಮಾಡೋ ಕೆಲಸ, ಮಾತ್ರ ನನ್ನೆದುರೇ ಮಾಡಿದರು. ಕುದುರೆಯನ್ನು (ತಾರುಗಳು ಕೂರೋ ಪಟ್ಟಿ) ಅರದಿಂದ ಎರಡು ಸಲ ಉಜ್ಜೋದು, ತಾರು ಮೀಟೋದು, ತಾರಿನ ಕೆಳಗಿನ ದಾರ ಕೂದಲೆಳೆಯಷ್ಟು ಸರಿಸೋದು, ಮತ್ತೆ ಉಜ್ಜೋದು. ಒಂದು ಗಳಿಗೆಯಲ್ಲಿ ಆ ಝೇಂಕಾರ ಬಂತು ನೋಡಿ, ಮೈ ಜುಮ್ ಅಂತು.

ತಕರಾರು ಒಂದೇ: ಹೇಳಿದ ದಿನಕ್ಕೆ ಕೊಡಲ್ಲ. ನನಗೆ ಮೂರು ಸಲ ಬಸ್ ಖರ್ಚಾಯ್ತು. ತಾರು ಬಿಗಿಯೋ ಒಂದು ಬಿರಡೆ ಇನ್ನೂ ಸ್ವಲ್ಪ ಜಾರುತ್ತೆ, ಸೀಮೆಸುಣ್ಣ ಹಚ್ಚಿ ಸುಧಾರಿಸ್ತಾ ಇದ್ದೀನಿ. ಫೋನ್ ಮಾಡಿಯೇ ಹೋಗಿ.