ಬ್ರಿಟನ್ನಾ, ಜರ್ಮನಿಯಾ? ತುಮಕೂರಿನಿಂದ ಹೊರಡುವವರಿಗೆ ಡ್ರೈವಿಂಗ್ ಲೆಕ್ಕ

ಅಕ್ಕನ ಮಗ ಕೆಲಸಕ್ಕೆ ಹೊರಗೆ ಹೋಗಬೇಕು ಅಂತ ಓಡಾಡುತ್ತಿದ್ದಾನೆ. ಎರಡೂ ದೇಶ ಅವನ ಕಣ್ಣಮುಂದಿವೆ. ಕಾರು ಓಡಿಸುವ ವಿಷಯಕ್ಕೆ ಬಂದರೆ ನಾನು ಹೇಳುವುದು ಬ್ರಿಟನ್ನೇ.

ಅಲ್ಲೂ ನಮ್ಮ ಹಾಗೆ ಎಡಗಡೆ. ಇಲ್ಲಿನ ಡಿಎಲ್ ಇಟ್ಟುಕೊಂಡು 12 ತಿಂಗಳು ಓಡಿಸಬಹುದು. ಆಮೇಲೆ ಅಲ್ಲಿನ ಟೆಸ್ಟ್ ಪಾಸಾಗಲೇಬೇಕು. ಥಿಯರಿಯ 50 ಪ್ರಶ್ನೆಗಳಲ್ಲಿ 43 ಸರಿ ಇರಬೇಕು. ವಿಡಿಯೊ ನೋಡುತ್ತಾ ಅಪಾಯ ಗುರುತಿಸುವ ಪರೀಕ್ಷೆ ಬೇರೆ. ರಸ್ತೆ ಟೆಸ್ಟ್ ಸುಮಾರು 40 ನಿಮಿಷ. ಸಣ್ಣ ತಪ್ಪು 15ರವರೆಗೆ ನಡೆಯುತ್ತದೆ, ಗಂಭೀರ ತಪ್ಪು ಒಂದೇ ಆದರೂ ಫೇಲ್. ನಮ್ಮವರಿಗೆ ಕಷ್ಟವಾಗುವುದು ಕನ್ನಡಿ ನೋಡುವ ಅಭ್ಯಾಸ. ಬಿ.ಎಚ್. ರಸ್ತೆಯಲ್ಲಿ ಹಾರ್ನ್ ಹೊಡೆದು ಜಾಗ ಮಾಡಿಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಸರ್ಕಲ್ ಬಂದರೆ ನಿಧಾನ ಮಾಡಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಇನ್ನೊಂದು ಮಾತು: ಆಟೊಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಗೇರ್ ಕಾರು ಓಡಿಸುವ ಹಾಗಿಲ್ಲ.

ಜರ್ಮನಿಯಲ್ಲಿ ಬಲಗಡೆ ಓಡಿಸಬೇಕು. ಅಲ್ಲಿ ನೆಲೆಸಿದ ಮೇಲೆ ನಮ್ಮ ಡಿಎಲ್ 6 ತಿಂಗಳು ಮಾತ್ರ ನಡೆಯುತ್ತದೆ. ಸುಮ್ನೆ ಬದಲಾಯಿಸಿ ಕೊಡುವುದಿಲ್ಲ. ಥಿಯರಿ, ರಸ್ತೆ ಎರಡೂ ಟೆಸ್ಟ್ ಕೊಡಬೇಕು, ಅದೂ ಡ್ರೈವಿಂಗ್ ಸ್ಕೂಲ್ ಮೂಲಕ. ಬೋರ್ಡಾಗಲಿ ಸಿಗ್ನಲ್ಲಾಗಲಿ ಇಲ್ಲದ ಕ್ರಾಸಿನಲ್ಲಿ ಬಲಗಡೆಯ ಗಾಡಿಗೇ ಮೊದಲ ಹಕ್ಕು. ಇದು ಮೈಗೆ ಹತ್ತಲು ಸಮಯ ಬೇಕು.

ಯಾವ ದೇಶವಾದರೂ ಹೊರಡುವ ಮೊದಲೇ ಇಲ್ಲಿ ಡಿಎಲ್ ಮಾಡಿಸಿಕೊಳ್ಳಿ. ಎಲ್‌ಎಲ್‌ಆರ್ ಆಗಿ 30 ದಿನ ಕಾಯಬೇಕು, ಹಾಗಾಗಿ ಟಿಕೆಟ್ ಬುಕ್ ಆಗುವವರೆಗೆ ಬಿಡಬೇಡಿ.