ಒಗ್ಗರಣೆ ಘಾಟಿಗೆ ಒಂದು ಫ್ಯಾನ್: ನಮ್ಮ 13 ಅಡಿ ಟ್ರೇಲರ್‌ಗೆ ನಾವೇ ಹಾಕಿದ್ದು

ಬ್ಯಾಡಗಿ ಮೆಣಸಿನಕಾಯಿ ಎರಡು ಮುರಿದು ಕಾದ ಎಣ್ಣೆಗೆ ಹಾಕಿದರೆ, ಮನೆಯಲ್ಲಾದರೆ ಪಕ್ಕದ ರೂಮಿನವರು ಒಂದು ಸಲ ಕೆಮ್ಮಿ ಸುಮ್ಮನಾಗುತ್ತಾರೆ. ಕಾರಿನ ಹಿಂದೆ ಎಳೆದುಕೊಂಡು ಹೋಗಿ ಒಳಗೇ ಉಳಿದುಕೊಳ್ಳುವ 13 ಅಡಿಯ ಕ್ಯಾಂಪಿಂಗ್ ಟ್ರೇಲರ್‌ನಲ್ಲಿ ಹಾಗಲ್ಲ. ಒಳಗಿದ್ದವರೆಲ್ಲ ಹೊರಗೆ ಓಡಬೇಕು. ಅಮ್ಮ ಹಾಸನದಿಂದ ಬಂದಿದ್ದಾಗ ಆಗಿದ್ದು ಇದೇ. ಅಮೆರಿಕದಲ್ಲಿ ನಾವಿರುವ ಮಿನ್ನೆಸೋಟದ ಗೂಸ್‌ಬೆರಿ ಫಾಲ್ಸ್ ಪಾರ್ಕ್‌ನಲ್ಲಿ ಬೆಳಗ್ಗೆಯಿಂದ ಜೋರು ಮಳೆ. ಹೊರಗೆ ಒಲೆ ಹಚ್ಚುವ ಹಾಗಿರಲಿಲ್ಲ. ಒಳಗೇ ಅವಲಕ್ಕಿಗೆ ಒಗ್ಗರಣೆ ಇಟ್ಟರು. ಸಾಸಿವೆ ಚಟಪಟ ಅಂದಿತು, ಮೆಣಸಿನಕಾಯಿ ಬಿದ್ದದ್ದೇ ತಡ, ಹೊಗೆ ಅಲಾರಂ ಕೂಗಿಕೊಂಡಿತು. ಅಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಮಳೆಯಲ್ಲೇ ಹೊರಗೆ ನಿಂತರು. ಅವರನ್ನು ಹಾಗೆ ನೋಡಿ ನನಗೆ ತುಂಬಾ ಬೇಜಾರಾಯಿತು. ಮನೆಗೆ ಬಂದ ವಾರವೇ ಮ್ಯಾಕ್ಸ್‌ಫ್ಯಾನ್ ಡಿಲಕ್ಸ್ ಅನ್ನುವ, ಚಾವಣಿಗೆ ಹಾಕುವ ಫ್ಯಾನ್ ತರಿಸಿದೆ. ಅದನ್ನು ಹಾಕಿ ಎರಡು ಬೇಸಿಗೆ ಕಳೆದಿದೆ.

ನಮ್ಮದು ಸೆಕೆಂಡ್ ಹ್ಯಾಂಡ್ ಸ್ಕ್ಯಾಂಪ್. ಇಲ್ಲೇ ಮಿನ್ನೆಸೋಟದ ಬ್ಯಾಕಸ್ ಅನ್ನುವ ಪುಟ್ಟ ಊರಿನಲ್ಲಿ ತಯಾರಾಗುವ ಗಾಡಿ. ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್ ಚಿಪ್ಪು, ನಡುವಿನಲ್ಲಿ ಕೂಡಿಸಿದ್ದು. 13 ಅಡಿ ಅನ್ನುವುದು ಕಾರಿಗೆ ಸಿಕ್ಕಿಸುವ ಮೂತಿಯೂ ಸೇರಿ. ನಮಗೆ ಸಿಗುವ ಜಾಗ ಸುಮಾರು 10 ಅಡಿ ಅಷ್ಟೇ. ಅದರಲ್ಲೇ ಮಲಗಬೇಕು, ಅದರಲ್ಲೇ ಅಡುಗೆ. ಚಾವಣಿ ನಡುವೆ ಒಂದು ಕಿಂಡಿ ಇತ್ತು. ಹಿಡಿಕೆ ತಿರುಗಿಸಿದರೆ ಮುಚ್ಚಳ ಏಳುತ್ತಿತ್ತು, ಗಾಳಿ ಮಾತ್ರ ಆಡುತ್ತಿರಲಿಲ್ಲ. ಮಳೆ ಬಂದರೆ ಅದನ್ನೂ ಮುಚ್ಚಬೇಕು.

ಮ್ಯಾಕ್ಸ್‌ಫ್ಯಾನ್ ಆರಿಸಿದ್ದಕ್ಕೆ ಮುಖ್ಯ ಕಾರಣ ಈ ಮಳೆಯೇ. ಇದರ ಮುಚ್ಚಳ ಛತ್ರಿ ಹಾಗೆ ಮೇಲೇಳುತ್ತದೆ, ನೀರು ಒಳಗೆ ಬೀಳುವುದಿಲ್ಲ. ಸುರಿಯುವ ಮಳೆಯಲ್ಲೂ ಓಡಿಸಬಹುದು. 10 ವೇಗ ಇದೆ. ಗಾಳಿಯನ್ನು ಹೊರಗೆ ಹಾಕಬಹುದು, ಒಳಗೂ ಎಳೆದುಕೊಳ್ಳಬಹುದು. ನಮ್ಮದಕ್ಕೆ ರಿಮೋಟ್ ಕೂಡ ಬಂದಿದೆ. ಬೆಲೆ ಮುನ್ನೂರು ಡಾಲರ್ ಹತ್ತಿರ ಆಯಿತು. ಜಾಸ್ತಿಯೇ. ಸಣ್ಣ ಟ್ರೇಲರ್‌ಗೆ ಇಷ್ಟು ಬೇಕಾ ಅಂತ ನಮ್ಮ ಮನೆಯವರು ಎರಡು ಸಲ ಕೇಳಿದರು. ಸಣ್ಣದಾಗಿರುವುದಕ್ಕೇ ಬೇಕು ಅಂದೆ.

ಈ ಕಿಂಡಿಗಳ ಅಳತೆ ಬಹುತೇಕ ಎಲ್ಲ ಟ್ರೇಲರ್‌ಗಳಲ್ಲೂ ಒಂದೇ, 14 ಇಂಚಿಗೆ 14 ಇಂಚು. ಆದ್ದರಿಂದ ಹೊಸದಾಗಿ ಚಾವಣಿ ಕೊಯ್ಯುವ ಕೆಲಸ ಇರಲಿಲ್ಲ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವುದು, ಒಂದು ದಿನದ ಕೆಲಸ ಅಂದುಕೊಂಡಿದ್ದೆವು. ಮೂರು ದಿನ ಹಿಡಿಯಿತು.

ಯಾಕೆ ಅಂದರೆ ಮೊದಲಿನ ಮಾಲೀಕರು ಕಿಂಡಿಯ ಸುತ್ತ ಸಿಲಿಕೋನ್ ಮೆತ್ತಿದ್ದರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಸಿಲಿಕೋನ್ ಒಂದು ಸಲ ಹತ್ತಿದ ಜಾಗಕ್ಕೆ ಆಮೇಲೆ ಇನ್ನೊಂದು ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸ್ಕ್ರೂಗಳೆಲ್ಲ ಅದರ ಕೆಳಗೆ ಹೂತು ಹೋಗಿದ್ದವು. ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಮಾಡಿ ಉಜ್ಜಿದೆ. ಕಬ್ಬಿಣದ ಸ್ಕ್ರೇಪರ್ ಆದರೆ ಬೇಗ ಆಗುತ್ತಿತ್ತೇನೋ, ಆದರೆ ಫೈಬರ್‌ಗ್ಲಾಸ್ ಮೇಲಿನ ಹೊಳಪಿನ ಪದರಕ್ಕೆ ಗೀರು ಬೀಳುತ್ತದೆ. ದೋಸೆ ಕಾವಲಿಗೆ ಹತ್ತಿದ ಹಿಟ್ಟು ಎಬ್ಬಿಸುವ ಹಾಗೆ, ಅಂಚಿನಿಂದ ನಿಧಾನಕ್ಕೆ ಎಬ್ಬಿಸಬೇಕು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬಟ್ಟೆಯಲ್ಲಿ ಒರೆಸಿದೆ. ಬೆರಳಾಡಿಸಿದರೆ ಒಂದು ಚೂರೂ ಜಾರಬಾರದು, ಅಷ್ಟು ಶುದ್ಧ ಆಗಬೇಕು.

ಸ್ಕ್ಯಾಂಪ್ ಚಾವಣಿ ಮೇಲೆ ಹತ್ತಿ ನಿಲ್ಲುವ ಯೋಚನೆಯೇ ಬೇಡ, ಚಿಪ್ಪು ತೆಳು. ನಮ್ಮ ಮನೆಯವರು ಏಣಿ ಇಟ್ಟುಕೊಂಡು ಹೊರಗಿಂದ, ನಾನು ಸ್ಟೂಲ್ ಮೇಲೆ ನಿಂತು ಕಿಂಡಿಯಿಂದ ತಲೆ ಮತ್ತು ಕೈ ಹೊರಗೆ ಹಾಕಿ. ಇಬ್ಬರು ಇರಲೇಬೇಕು. ತೆಳು ಚಾವಣಿಗೆ ಸ್ಕ್ರೂ ಹಿಡಿಯುವುದಿಲ್ಲ. ಅದಕ್ಕೆ ಕಿಂಡಿಯ ಅಂಚಿಗೆ ಒಳಗಿಂದ ಮರದ ಪಟ್ಟಿಯ ಚೌಕಟ್ಟು ಮಾಡಿ ಕೊಟ್ಟೆವು.

ಫ್ಯಾನಿನ ಚೌಕಟ್ಟಿನ ಕೆಳಗೆ ಬ್ಯೂಟೈಲ್ ಟೇಪ್ ಬರುತ್ತದೆ. ಚಪಾತಿ ಹಿಟ್ಟಿನ ಹಾಗೆ ಮೆತ್ತಗಿರುವ ಬೂದು ಪಟ್ಟಿ. ಸ್ಕ್ಯಾಂಪ್ ಚಾವಣಿ ಸಪಾಟಾಗಿಲ್ಲ, ಬೆನ್ನಿನ ಹಾಗೆ ಬಾಗಿದೆ. ನಡುವೆ ಒಂದು ಪದರ ಸಾಕು, ಎರಡು ಪಕ್ಕದಲ್ಲಿ ಎರಡು ಪದರ ಇಟ್ಟೆ. ಸ್ಕ್ರೂಗಳನ್ನು ಒಂದೇ ಕಡೆಯಿಂದ ಬಿಗಿಯುತ್ತಾ ಹೋಗಬಾರದು. ಎದುರುಬದುರು, ಸ್ವಲ್ಪ ಸ್ವಲ್ಪವೇ. ಬಿಗಿದ ಹಾಗೆ ಟೇಪು ಅಂಚಿನಿಂದ ಸಮವಾಗಿ ಉಬ್ಬಿ ಹೊರಗೆ ಬರುತ್ತದೆ. ಹಾಗೆ ಸುತ್ತಲೂ ಬಂದರೆ ನೀರಿಗೆ ದಾರಿಯಿಲ್ಲ ಅಂತ ಅರ್ಥ. ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಬಿಗಿದೆವು, ಅಷ್ಟರಲ್ಲಿ ಟೇಪು ಇನ್ನೂ ಕೂತಿತ್ತು.

ಅದರ ಮೇಲೆ ಸ್ಕ್ರೂ ತಲೆಗಳು ಮುಚ್ಚುವ ಹಾಗೆ ಸೀಲಂಟ್, ಅಂದರೆ ನೀರು ಸೋರದ ಹಾಗೆ ಮೆತ್ತುವ ಅಂಟು. ಇಲ್ಲಿ ನಾನೊಂದು ತಪ್ಪು ಮಾಡಿದೆ. ತಾನೇ ಹರಡಿಕೊಳ್ಳುವ ಜಾತಿಯದು ತಂದಿದ್ದೆ. ಸಪಾಟು ಚಾವಣಿಗೆ ಅದು ಬಹಳ ಒಳ್ಳೆಯದು. ನಮ್ಮ ಬಾಗಿದ ಚಾವಣಿ ಮೇಲೆ ಜೇನುತುಪ್ಪದ ಹಾಗೆ ಇಳಿದು ಕಿಟಕಿಯವರೆಗೂ ಹರಿಯಿತು. ಒರೆಸಿ ತೆಗೆದು, ಮಾರನೆಯ ದಿನ ಹರಿಯದೆ ನಿಲ್ಲುವ ಜಾತಿಯದನ್ನು ತಂದು ಹಾಕಿದೆ. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ, ಹೆಸರು ಓದಿ ತನ್ನಿ.

ವೈರಿಂಗ್ ಸುಲಭ. ಎಲ್ಲ 12 ವೋಲ್ಟ್. ಚಾವಣಿ ದೀಪಕ್ಕೆ ಬಂದಿದ್ದ ತಂತಿಯಿಂದಲೇ ಎಳೆದುಕೊಂಡೆವು, ನಡುವೆ ಒಂದು ಫ್ಯೂಸ್ ಕೊಟ್ಟೆವು. ಯಾವುದು ಪ್ಲಸ್ ಯಾವುದು ಮೈನಸ್ ಅಂತ ತಂತಿಯ ಬಣ್ಣ ನೋಡಿ ನಂಬಬೇಡಿ, ಹಳೆಯ ಗಾಡಿಯಲ್ಲಿ ಯಾರು ಏನು ಮಾಡಿರುತ್ತಾರೋ. ಮೀಟರ್ ಇಟ್ಟು ನೋಡಿ.

ಈಗ ಒಗ್ಗರಣೆಯ ಮಾತು. ಮೊದಲ ದಿನ ಫ್ಯಾನ್ ಜೋರಾಗಿಟ್ಟರೂ ಘಾಟು ಪೂರ್ತಿ ಹೋಗಲಿಲ್ಲ. ಆಮೇಲೆ ಗೊತ್ತಾಯಿತು, ಹೊರಗೆ ಹೋಗುವಷ್ಟೇ ಗಾಳಿ ಒಳಗೂ ಬರಬೇಕು, ಅಲ್ವಾ? ಒಲೆಯ ಪಕ್ಕದ ಕಿಟಕಿಯನ್ನು ಎರಡು ಬೆರಳು ತೆಗೆದು ಉಳಿದದ್ದೆಲ್ಲ ಮುಚ್ಚಿದೆ. ಹೊಗೆ ಬಾಣಲೆಯಿಂದ ಎದ್ದು ಸೀದಾ ಚಾವಣಿಗೆ ಹೋಯಿತು. ಕಣ್ಣಿಗೆ ಕಾಣುವ ಹಾಗೆ, ದಾರ ಎಳೆದ ಹಾಗೆ. ಹಾಸಿಗೆ ಮೇಲೆ ಕೂತಿದ್ದ ಮಗಳಿಗೆ ಕೆಮ್ಮೇ ಬರಲಿಲ್ಲ. ಅಲಾರಂ ಸುಮ್ಮನಿತ್ತು.

ಎಲ್ಲ ಕಿಟಕಿ ಮುಚ್ಚಿ ಫ್ಯಾನ್ ಜೋರಾಗಿ ಮಾತ್ರ ಓಡಿಸಬೇಡಿ. ಗಾಳಿಗಾಗಿ ಅದು ಸಿಕ್ಕ ಸಂದಿಯಿಂದ ಎಳೆಯುತ್ತದೆ. ಗ್ಯಾಸಿನ ಫ್ರಿಜ್ ಅಥವಾ ಹೀಟರ್ ಇದ್ದರೆ ಅದರ ಹೊಗೆಯೂ ಒಳಗೆ ಬರಬಹುದು. ಆ ಹೊಗೆಯಲ್ಲಿರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಅಲಾರಂ ಇಲ್ಲದ ಟ್ರೇಲರ್‌ನಲ್ಲಿ ನಾನು ಮಗುವನ್ನು ಮಲಗಿಸುವುದಿಲ್ಲ.

ನಾನು ಎಣಿಸದೇ ಸಿಕ್ಕ ಲಾಭ ಇನ್ನೊಂದು. ಮೂರು ಜನ ಮಲಗೆದ್ದರೆ ಬೆಳಗ್ಗೆ ಕಿಟಕಿ ಗಾಜಿನಿಂದ ನೀರು ಇಳಿಯುತ್ತಿತ್ತು, ಹೊದಿಕೆ ತೇವ. ನಮ್ಮ ಉಸಿರಿನ ನೀರೇ ಅದು. ಸೆಪ್ಟೆಂಬರ್‌ನಲ್ಲಿ ಲೇಕ್ ಸುಪೀರಿಯರ್ ದಡದಲ್ಲಂತೂ ಜಾಸ್ತಿ. ಈಗ ರಾತ್ರಿಯಿಡೀ ಕಡಿಮೆ ವೇಗದಲ್ಲಿ ಬಿಟ್ಟಿರುತ್ತೇವೆ, ಒಂದು ಕಿಟಕಿ ಚೂರು ತೆಗೆದು. ಅಷ್ಟಕ್ಕೆ ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ. ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ.

ಬ್ಯಾಟರಿಯನ್ನೂ ಬದಲಿಸಿದೆವು, 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಚೆನ್ನಾಗಿದೆ, ಹಗುರ. ಆದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಬಾರದು. ಹಳೆಯ ಚಾರ್ಜರ್ ಅದಕ್ಕೆ ಹೊಂದುತ್ತದಾ ಅಂತಲೂ ನೋಡಬೇಕು. ಅಕ್ಟೋಬರ್ ಕೊನೆಗೆ ಬಿಚ್ಚಿ ಮನೆಯೊಳಗೆ ಇಡುತ್ತೇನೆ. ಮಸಾಲೆ ಡಬ್ಬಿ ಉರುಳದ ಹಾಗೆ ಡ್ರಾಯರ್‌ಗೆ ರಬ್ಬರ್ ಜಾಲಿ ಹಾಸಿದೆ, ದೀಪಗಳನ್ನು ಎಲ್‌ಇಡಿ ಮಾಡಿದೆವು. ಇವೆಲ್ಲ ನಿಧಾನಕ್ಕೆ ಮಾಡಬಹುದು. ಸಣ್ಣ ಟ್ರೇಲರ್ ತಗೊಂಡವರು ಯಾರಾದರೂ ಕೇಳಿದರೆ ಮೊದಲು ಫ್ಯಾನ್ ಹಾಕಿಸಿ ಅಂತಲೇ ಹೇಳುತ್ತೇನೆ.

ತಿಳಿದಿರಬೇಕಾದ ಎರಡು ಸಂಗತಿ. ಪೂರ್ತಿ ವೇಗದಲ್ಲಿ ಯಾವ ಫ್ಯಾನ್ ಆದರೂ ಸದ್ದು ಮಾಡುತ್ತದೆ, ಇದೂ ಹಾಗೆಯೇ. ಅಡುಗೆ ಮಾಡುವ ಹತ್ತು ನಿಮಿಷಕ್ಕೆ ತೊಂದರೆಯಿಲ್ಲ. ಇನ್ನು ಒಳಗಿನ ಜಾಲರಿ. ನಮ್ಮ ಅಡುಗೆಯ ಎಣ್ಣೆ ಜಿಡ್ಡು ಅದಕ್ಕೆ ಹತ್ತಿ, ಅದರ ಮೇಲೆ ಧೂಳು ಕೂರುತ್ತದೆ. ಬಿಚ್ಚಲು ಬರುತ್ತದೆ. ಪ್ರತಿ ಸಲ ಮನೆಗೆ ಬಂದ ಮೇಲೆ ಬಿಸಿನೀರು, ಪಾತ್ರೆ ಸೋಪು ಹಾಕಿ ತೊಳೆದುಬಿಡುತ್ತೇನೆ.

ಈ ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ಏಣಿ ಹತ್ತಿ ಸೀಲಂಟ್ ನೋಡಿದೆ. ಮುಂದಿನ ಎಡ ಮೂಲೆಯಲ್ಲಿ ಉಗುರಿನಷ್ಟು ಎದ್ದಿತ್ತು. ಒರೆಸಿ, ಒಣಗಿಸಿ ಅಷ್ಟಕ್ಕೇ ಹೊಸದು ಹಾಕಿದೆ. ಅಮ್ಮ ಆಗಸ್ಟ್‌ನಲ್ಲಿ ಮತ್ತೆ ಬರುತ್ತಿದ್ದಾರೆ. ಬರುವಾಗ ಬ್ಯಾಡಗಿ ಮೆಣಸಿನಕಾಯಿ ತನ್ನಿ ಅಂತ ಹೇಳಿದ್ದೇನೆ.